ಜ್ವರ ಬಂದ ಮೂರನೇ ದಿನ

ಕೇಳುಗರೇ, ನಮಸ್ಕಾರ.

ಮಲೆನಾಡಿನವರಿಗೆ ಮಂಗನ ಕಾಯಿಲೆ ಏನು ಅಂತ ನಾನು ಹೇಳಬೇಕಾಗಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು. ಸುತ್ತಲಿನ ಜನ ಜ್ವರದಿಂದ ಮಲಗಿದರು. ಅಲ್ಲೇ ವೈರಸ್ ಸಿಕ್ಕಿತು. ಅದನ್ನು ಹರಡುವುದು ಉಣುಗು, ಅಂದರೆ ಮೈಗೆ ಕಚ್ಚಿಕೊಂಡು ರಕ್ತ ಹೀರುವ ಪುಟ್ಟ ಉಣ್ಣೆ. ಇವತ್ತು ನನ್ನ ಮಾತು ಒಂದೇ: ರಕ್ತ ಪರೀಕ್ಷೆ ಬೇಗ ಆಗಬೇಕು, ಊರಿನ ಹತ್ತಿರವೇ ಆಗಬೇಕು.

ನಾನು ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದ ಹೊಸದು. ತೋಟಕ್ಕೆ ದರಗು, ಅಂದರೆ ಒಣಗಿದ ಎಲೆ ತರಲು ಕಾಡಿಗೆ ಹೋಗಿದ್ದ ಹೆಂಗಸೊಬ್ಬರನ್ನು ಕರೆತಂದರು. ಮೂರನೇ ದಿನದ ಜ್ವರ. ಕಣ್ಣು ಕೆಂಪಗೆ, ಸೊಂಟ ಎತ್ತಲಾಗದಷ್ಟು ನೋವು. ಕಾಲಿನ ಮೇಲೆ ಉಣುಗು ಕಚ್ಚಿದ ಗುರುತು ಕಾಣುತ್ತಿತ್ತು. ರಕ್ತ ತೆಗೆದು, ಥರ್ಮಾಕೋಲ್ ಡಬ್ಬಿಯಲ್ಲಿ ಐಸ್ ತುಂಬಿ, ದೂರದ ಲ್ಯಾಬಿಗೆ ಕಳಿಸಲು ಸಂಜೆ ಬಸ್ಸಿಗೆ ಕೊಟ್ಟೆವು. ಮುಂದೆ ಎರಡು ಬಸ್ಸು, ಒಂದು ರೈಲು. ಎರಡು ದಿನ ಬಿಟ್ಟು ಫೋನ್ ಬಂತು. ಐಸ್ ಕರಗಿ ಬಾಟಲಿಯ ಮೇಲಿನ ಹೆಸರು ಅಳಿಸಿಹೋಗಿತ್ತು. ಮತ್ತೆ ರಕ್ತ ತೆಗೆದೆವು, ಮತ್ತೆ ಬಸ್ಸು. ವರದಿ ಕೈಗೆ ಬಂದದ್ದು ಹದಿನಾಲ್ಕನೇ ದಿನ. ಆ ತಾಯಿ ಬದುಕಿದರು. ಆದರೆ ಅಷ್ಟರಲ್ಲಿ ಅದೇ ಕೇರಿಯ ಇನ್ನಿಬ್ಬರು ಅದೇ ಕಾಡಿಗೆ ಹೋಗಿ ಬಂದು ಜ್ವರದಲ್ಲಿ ಮಲಗಿದ್ದರು. ಮೂರನೇ ದಿನವೇ ಗೊತ್ತಾಗಿದ್ದರೆ ಆ ಇಬ್ಬರನ್ನು ತಡೆಯಬಹುದಿತ್ತು, ಅಲ್ವಾ? ಆ ಡಬ್ಬಿ ಇವತ್ತಿಗೂ ನನ್ನ ಕಣ್ಣ ಮುಂದಿದೆ.

ಈ ವೈರಸ್ ರಕ್ತದಲ್ಲಿ ಸುಲಭವಾಗಿ ಸಿಗುವುದು ಜ್ವರದ ಮೊದಲ ದಿನಗಳಲ್ಲಿ. ಪಿಸಿಆರ್ ಪರೀಕ್ಷೆ ಅದರ ಚೂರನ್ನು ಹಿಡಿದು ಒಂದನ್ನು ಎರಡು, ಎರಡನ್ನು ನಾಲ್ಕು ಮಾಡುತ್ತಾ ಹೋಗುತ್ತದೆ, ಯಂತ್ರಕ್ಕೆ ಕಾಣುವಷ್ಟು. ಇದಕ್ಕೆ ದೊಡ್ಡ ಲ್ಯಾಬೇ ಬೇಕು ಅನ್ನುವ ಕಾಲ ಹೋಯಿತು. ಈ ಪರೀಕ್ಷೆ ಮಾಡುವ ಟ್ರೂನ್ಯಾಟ್ ಎನ್ನುವ ಯಂತ್ರ ನಮ್ಮ ದೇಶದ್ದೇ, ಗೋವಾದ ಕಂಪನಿಯದು. ಮೇಜಿನ ಮೇಲೆ ಕೂರುತ್ತದೆ, ಬ್ಯಾಟರಿಯಲ್ಲಿ ಓಡುತ್ತದೆ. ಕ್ಷಯಕ್ಕೆ, ಕೋವಿಡ್‌ಗೆ ಬಳಸಿದ್ದು ಅದನ್ನೇ. ಮಂಗನ ಕಾಯಿಲೆಗೂ ಅದರೊಳಗೆ ಹಾಕುವ ಪರೀಕ್ಷೆಯ ಚಿಪ್ ತಯಾರಾಗಿದೆ, ಪುಣೆಯ ವೈರಾಣು ಸಂಸ್ಥೆ ಪರೀಕ್ಷಿಸಿದೆ. ಅದು ಕಾಡಂಚಿನ ಆಸ್ಪತ್ರೆಯ ಮೇಜಿಗೆ ಬರಬೇಕು. ಮಳೆಗಾಲ ಮುಗಿದ ಮೇಲೆ ಸಭೆ ಮಾಡುತ್ತಾ ಕೂತರೆ ಆಗದು. ಡಿಸೆಂಬರಿಗೇ ಕಾಯಿಲೆ ಶುರುವಾಗುತ್ತದೆ.

ಔಷಧಿಯೇ ಇಲ್ಲ, ಪರೀಕ್ಷೆ ಯಾಕೆ ಅಂತ ಕೆಲವರು ಕೇಳುತ್ತಾರೆ. ಗೊತ್ತಿದ್ದರೆ ಈ ಕಾಯಿಲೆಯಲ್ಲಿ ಆಗಬಹುದಾದ ರಕ್ತಸ್ರಾವದ ಮೇಲೆ ಕಣ್ಣಿಡಬಹುದು. ಸಿಕ್ಕ ಸಿಕ್ಕ ನೋವಿನ ಮಾತ್ರೆ ಕೊಡುವುದು ತಪ್ಪುತ್ತದೆ. ಜ್ವರ ಬಿಟ್ಟು ಒಂದೆರಡು ವಾರದ ಮೇಲೆ ಮತ್ತೆ ಬಂದರೆ ಮನೆಯವರು ಸುಮ್ನೆ ಕೂರುವುದಿಲ್ಲ.

ಕಾಡಿಗೆ ಹೋಗಿ ಬಂದವರಿಗೆ ಜ್ವರ ಬಂದರೆ, ಮೊದಲ ಮೂರು ದಿನದೊಳಗೆ ಆಸ್ಪತ್ರೆಗೆ ಬನ್ನಿ. ಕಾಡಿಗೆ ಹೋಗಿದ್ದೆ ಅಂತ ಬಾಯಿಬಿಟ್ಟು ಹೇಳಿ. ರಕ್ತ ಪರೀಕ್ಷೆ ಮಾಡಿ ಅಂತ ನೀವೇ ಕೇಳಿ. ನಮಸ್ಕಾರ.