ಕೇಳುವುದು ಬೇರೆ, ಕೂಗುವುದು ಬೇರೆ

ಕೇಳುಗರಿಗೆ ನಮಸ್ಕಾರ.

1974ರ ನವೆಂಬರ್ 16ರಂದು ಪೋರ್ಟೊರಿಕೊ ದ್ವೀಪದ ಅರೆಸಿಬೊ ರೇಡಿಯೋ ದೂರದರ್ಶಕದಿಂದ ಆಕಾಶಕ್ಕೆ ಒಂದು ಸಂದೇಶ ಹೊರಟಿತು. ಅಲೆಯನ್ನು ಕಳಿಸುವ, ಹಿಡಿಯುವ ಅದರ ಬೋಗುಣಿಯ ಅಗಲ 305 ಮೀಟರ್, ಪ್ರಸಾರಕದ ಶಕ್ತಿ 450 ಕಿಲೋವ್ಯಾಟ್, ಆವರ್ತನ 2380 ಮೆಗಾಹರ್ಟ್ಸ್. ಬರೀ ಸೊನ್ನೆ ಮತ್ತು ಒಂದು. ಒಟ್ಟು 1679 ಅಂಕಿಗಳು. ಸೆಕೆಂಡಿಗೆ ಹತ್ತರಂತೆ ಕಳಿಸಿದರು, ಮೂರು ನಿಮಿಷ ತುಂಬುವ ಮೊದಲೇ ಮುಗಿಯಿತು. 1679 ಯಾಕೆಂದರೆ ಅದು 23 ಮತ್ತು 73 ಎಂಬ ಎರಡು ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧ. ಸಾಲಿಗೆ 23 ಮನೆಯಂತೆ 73 ಸಾಲು ಹಾಕಿ ಅಂಕಿಗಳನ್ನು ತುಂಬಿದರೆ ಚಿತ್ರವೊಂದು ಮೂಡುತ್ತದೆ: ಒಂದರಿಂದ ಹತ್ತರವರೆಗಿನ ಎಣಿಕೆ, ಡಿಎನ್‌ಎ ಎಳೆ, ಮನುಷ್ಯನ ಆಕೃತಿ, ಸೌರಮಂಡಲ. ಗುರಿ ಇಟ್ಟಿದ್ದು ಎಂ13 ಎಂಬ ನಕ್ಷತ್ರಗುಚ್ಛಕ್ಕೆ. ಜೂನ್, ಜುಲೈ ರಾತ್ರಿಗಳಲ್ಲಿ ಮೋಡವಿಲ್ಲದಿದ್ದರೆ ನಮ್ಮ ಚಿತ್ರದುರ್ಗದಿಂದಲೂ ಅದು ಉತ್ತರಕ್ಕೆ, ಸಾಕಷ್ಟು ಎತ್ತರದಲ್ಲಿ, ಬೈನಾಕ್ಯುಲರ್‌ಗೆ ಮಬ್ಬು ಚುಕ್ಕೆಯಾಗಿ ಸಿಗುತ್ತದೆ. ದೂರ ಸುಮಾರು 25 ಸಾವಿರ ಜ್ಯೋತಿರ್ವರ್ಷ; ಬೆಳಕಿಗೂ ರೇಡಿಯೋ ಅಲೆಗೂ ಅಲ್ಲಿಗೆ ಹೋಗಲು ಅಷ್ಟು ವರ್ಷ ಬೇಕು. ಅಂದರೆ ಉತ್ತರ ಬಂದರೂ ಇನ್ನು 50 ಸಾವಿರ ವರ್ಷದ ನಂತರ.

ಈ ಸುದ್ದಿ ತಿಳಿದ ಬ್ರಿಟನ್ನಿನ ಖಗೋಳವಿಜ್ಞಾನಿ ಮಾರ್ಟಿನ್ ರೈಲ್ ಆಕ್ಷೇಪ ಎತ್ತಿದರು. ಅದೇ ವರ್ಷ ನೊಬೆಲ್ ಪಡೆದ, ರೇಡಿಯೋ ಖಗೋಳವಿಜ್ಞಾನಕ್ಕೆ ಅಡಿಪಾಯ ಹಾಕಿದವರಲ್ಲಿ ಒಬ್ಬರು ಅವರು. ಅಲ್ಲಿ ಯಾರಿದ್ದಾರೋ, ಎಂಥವರೋ ಗೊತ್ತಿಲ್ಲದೆ ನಮ್ಮ ಇರವನ್ನು ಸಾರುವುದು ಅಪಾಯ ಎಂಬುದು ಅವರ ವಾದ. ಅಂದಿನಿಂದ ಈ ಜಗಳ ನಿಂತಿಲ್ಲ.

ಈ ಜಗಳದಲ್ಲಿ ಎರಡು ಬೇರೆ ಬೇರೆ ಕೆಲಸಗಳನ್ನು ಒಂದೇ ಎಂದು ಗೊಂದಲ ಮಾಡಿಕೊಳ್ಳುತ್ತೇವೆ. ಒಂದು, ಆಕಾಶಕ್ಕೆ ಕಿವಿಗೊಟ್ಟು ಯಾರಾದರೂ ಮಾತಾಡುತ್ತಿದ್ದಾರೆಯೇ ಎಂದು ಕೇಳುವುದು. ಇನ್ನೊಂದು, ನಾವೇ ಗುರಿಯಿಟ್ಟು ಕೂಗುವುದು. ಕೇಳುವುದನ್ನು ಯಾವತ್ತು ಬೇಕಾದರೂ ನಿಲ್ಲಿಸಬಹುದು. ಕಳಿಸಿದ ಅಲೆಯನ್ನು ಮಾತ್ರ ಯಾವ ಶಕ್ತಿಯೂ ಹಿಂದಕ್ಕೆ ಕರೆಯಲಾರದು. ಆದ್ದರಿಂದ ಕೇಳುವ ಕೆಲಸಕ್ಕೆ ಇನ್ನಷ್ಟು ಹಣ, ಇನ್ನಷ್ಟು ಜನ ಬೇಕು. ಕೂಗುವ ಕೆಲಸವನ್ನು ಎಲ್ಲ ದೇಶಗಳೂ ಒಪ್ಪುವ ನಿಯಮ ಬರುವವರೆಗೆ ತಡೆಹಿಡಿಯಬೇಕು. ನನ್ನ ನಿಲುವು ಇದು.

ಇದಕ್ಕೆ ತಕ್ಷಣ ಬರುವ ಉತ್ತರವೊಂದಿದೆ. ರೇಡಿಯೋ, ಟಿವಿ ಪ್ರಸಾರಗಳು ದಶಕಗಳಿಂದ ಆಕಾಶಕ್ಕೆ ಸೋರುತ್ತಲೇ ಇವೆ, ನಾವಿರುವುದು ಅವರಿಗೆ ಆಗಲೇ ಗೊತ್ತಾಗಿರುತ್ತದೆ, ಇನ್ನು ಮುಚ್ಚಿಡುವುದೇನು ಎಂದು. ಲೆಕ್ಕ ಹಾಕಿ ನೋಡೋಣ. ಎಫ್‌ಎಂ ಅಲೆ ವಾತಾವರಣದ ಮೇಲಿನ ವಿದ್ಯುತ್ ಕಣಗಳ ಪದರವಾದ ಅಯಾನುಗೋಳವನ್ನು ದಾಟಿ ಹೊರಗೆ ಹೋಗುತ್ತದೆ, ಅದು ನಿಜ. ಹತ್ತು ಕಿಲೋವ್ಯಾಟ್‌ನ ಪ್ರಸಾರಕ ಎಂದಿಟ್ಟುಕೊಳ್ಳಿ. ಸೂರ್ಯನನ್ನು ಬಿಟ್ಟರೆ ನಮಗೆ ತೀರ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ಸೆಂಟೌರಿ, 4.24 ಜ್ಯೋತಿರ್ವರ್ಷ. ದೂರ ಎರಡು ಪಟ್ಟಾದರೆ ಅಲೆಯ ಬಲ ನಾಲ್ಕನೇ ಒಂದು ಪಾಲಿಗೆ ಇಳಿಯುತ್ತದೆ. ಅಷ್ಟು ದೂರದಲ್ಲಿ ನಮ್ಮ ಬಳಿ ಇರುವಂಥ 100 ಮೀಟರ್ ಅಗಲದ ಬೋಗುಣಿ ಇಟ್ಟುಕೊಂಡು ಕೂತವರಿಗೂ, ನಮ್ಮ ಪ್ರಸಾರದ ಶಕ್ತಿಯೆಲ್ಲ ಒಂದೇ ಹರ್ಟ್ಸ್‌ನಲ್ಲಿ ಸೇರಿದೆ ಎಂದುಕೊಂಡರೂ, ಅದು ಆ ಆವರ್ತನದಲ್ಲಿ ಆಕಾಶದ ಸಹಜ ಗದ್ದಲಕ್ಕಿಂತ ಲಕ್ಷಾಂತರ ಪಟ್ಟು ಕಡಿಮೆ. ವಾಸ್ತವದಲ್ಲಿ ಎಫ್‌ಎಂ ಸುಮಾರು 200 ಕಿಲೋಹರ್ಟ್ಸ್ ಅಗಲಕ್ಕೆ ಹರಡಿಕೊಂಡಿರುತ್ತದೆ, ಹಾಗಾಗಿ ಇನ್ನೂ ಕ್ಷೀಣ. ಈಗ ಅರೆಸಿಬೊದ ಸಂದೇಶ ನೋಡಿ. ಅಷ್ಟು ದೊಡ್ಡ ಬೋಗುಣಿ ಶಕ್ತಿಯನ್ನೆಲ್ಲ ಒಂದು ಸಣ್ಣ ಕಿರಣವಾಗಿ ಹಿಂಡಿದ್ದರಿಂದ, ಆ ಕಿರಣದ ದಾರಿಯಲ್ಲಿ ನಿಂತವರಿಗೆ ಅದು ಎಲ್ಲ ದಿಕ್ಕಿಗೂ 20 ಲಕ್ಷ ಕೋಟಿ ವ್ಯಾಟ್ ಚೆಲ್ಲುವ ಪ್ರಸಾರಕದಷ್ಟು ಪ್ರಖರ. ಎಫ್‌ಎಂಗಿಂತ 200 ಕೋಟಿ ಪಟ್ಟು ಹೆಚ್ಚು. ಸೋರಿಕೆಗೂ ಕೂಗಿಗೂ ಇರುವ ಅಂತರ ಇಷ್ಟು. ಕ್ಷುದ್ರಗ್ರಹಗಳನ್ನು ಅಳೆಯುವ ರೇಡಾರುಗಳೂ ಪ್ರಬಲವೇ, ಆದರೆ ಅವು ಒಂದೇ ನಕ್ಷತ್ರದ ಕಡೆ ತಿರುಗಿ ನಿಲ್ಲುವುದಿಲ್ಲ.

ಭೂಮಿಯ ಗಾಳಿಯಲ್ಲಿನ ಆಮ್ಲಜನಕವನ್ನು ದೂರದಿಂದಲೇ ಗುರುತಿಸಬಹುದಲ್ಲ ಎಂಬ ವಾದವನ್ನು ನಾನು ಒಪ್ಪುತ್ತೇನೆ. ಅದು ಇನ್ನೂರು ಕೋಟಿ ವರ್ಷಕ್ಕೂ ಹಳೆಯ ಗುರುತು. ಆದರೆ ಅದು ಹೇಳುವುದು ಇಲ್ಲಿ ಜೀವ ಇದೆ ಎಂದಷ್ಟೇ. ಪಾಚಿಯಿದ್ದರೂ ಅಷ್ಟೇ ಹೇಳುತ್ತದೆ.

ಇನ್ನು ಕೇಳುವ ಕೆಲಸಕ್ಕೆ ಬರೋಣ. 1959ರಲ್ಲಿ ಕೊಕೋನಿ ಮತ್ತು ಮಾರಿಸನ್ ಎಂಬ ಇಬ್ಬರು ಭೌತವಿಜ್ಞಾನಿಗಳು ಜಲಜನಕ ತಾನಾಗಿಯೇ ಹೊಮ್ಮಿಸುವ 1420 ಮೆಗಾಹರ್ಟ್ಸ್ ಅಲೆಯ ಬಳಿ ಹುಡುಕಿ ಎಂದು ಸೂಚಿಸಿದರು. ವಿಶ್ವದಲ್ಲಿ ಅತಿ ಹೆಚ್ಚಿರುವ ಧಾತು ಜಲಜನಕ, ಅದರ ಆವರ್ತನ ಯಾರಿಗಾದರೂ ತಿಳಿದಿರಲೇಬೇಕು ಎಂಬ ತರ್ಕ. ಮರುವರ್ಷ ಅಮೆರಿಕದ ಗ್ರೀನ್ ಬ್ಯಾಂಕ್‌ನಲ್ಲಿ ಫ್ರಾಂಕ್ ಡ್ರೇಕ್ 26 ಮೀಟರ್ ಬೋಗುಣಿಯನ್ನು ಟೌ ಸೆಟಿ, ಎಪ್ಸಿಲಾನ್ ಎರಿಡಾನಿ ನಕ್ಷತ್ರಗಳ ಕಡೆ ತಿರುಗಿಸಿದರು. ಏನೂ ಸಿಗಲಿಲ್ಲ.

ಸಿಕ್ಕಿದರೆ ಅದು ನಿಜವೆಂದು ತಿಳಿಯುವುದು ಹೇಗೆ? ಮೊದಲ ಪರೀಕ್ಷೆ ಅಗಲ, ಅಂದರೆ ಅಲೆ ಎಷ್ಟು ಹರ್ಟ್ಸ್‌ಗೆ ಹರಡಿದೆ ಎಂಬುದು. ಪ್ರಕೃತಿಯ ರೇಡಿಯೋ ಮೂಲಗಳು ಎಷ್ಟೇ ಸಣ್ಣಗಿದ್ದರೂ ನೂರಾರು ಹರ್ಟ್ಸ್ ಅಗಲ ಇರುತ್ತವೆ. ಕೆಲವೇ ಹರ್ಟ್ಸ್ ಅಗಲದ ಗೆರೆ ಕಂಡರೆ ಅದರ ಹಿಂದೆ ಯಂತ್ರವಿದೆ. ಯಾರ ಯಂತ್ರ ಎಂಬುದೇ ಪ್ರಶ್ನೆ. ಅದಕ್ಕೆ ಎರಡನೆಯ ಪರೀಕ್ಷೆಯಾಗಿ ನಕ್ಷತ್ರವನ್ನು ಐದು ನಿಮಿಷ ನೋಡಿ, ಪಕ್ಕದ ಬೇರೆ ನಕ್ಷತ್ರಕ್ಕೆ ಐದು ನಿಮಿಷ ತಿರುಗಿ, ಮತ್ತೆ ಮೊದಲನೆಯದಕ್ಕೆ ಮರಳಿ, ಹೀಗೆ ಮೂರು ಸುತ್ತು, ಅರ್ಧ ಗಂಟೆ ನೋಡುತ್ತಾರೆ. ಗುರಿಯಿಟ್ಟಾಗ ಮಾತ್ರ ಕಾಣಬೇಕು, ತಿರುಗಿಸಿದಾಗ ಮಾಯವಾಗಬೇಕು. ತಿರುಗಿಸಿದರೂ ಕಂಡರೆ ಅದು ಮೊಬೈಲೋ, ಉಪಗ್ರಹವೋ, ವಿಮಾನವೋ. ಮೂರನೆಯದು ಆವರ್ತನದ ಜಾರಿಕೆ. ಭೂಮಿ ತಿರುಗುವುದರಿಂದ ಹೊರಗಿನ ಅಲೆಯ ಆವರ್ತನ ನಮಗೆ ನಿಧಾನವಾಗಿ ಸರಿಯುತ್ತಾ ಕಾಣುತ್ತದೆ. ಚಿತ್ರದುರ್ಗ ಇರುವ 14 ಡಿಗ್ರಿ ಅಕ್ಷಾಂಶದಲ್ಲಿ 1420 ಮೆಗಾಹರ್ಟ್ಸ್‌ಗೆ ಈ ಜಾರಿಕೆ ಹೆಚ್ಚೆಂದರೆ ಸೆಕೆಂಡಿಗೆ 0.16 ಹರ್ಟ್ಸ್‌ನಷ್ಟು, ಅತ್ತ ಅವರ ಗ್ರಹದ ಚಲನೆಯೂ ಸೇರಿದರೆ ಬೇರೆ ಅಂಕಿ ಬರಬಹುದು. ಒಂದಿಷ್ಟೂ ಸರಿಯದೆ ನಿಂತ ಗೆರೆ ಬಹುಪಾಲು ನೆಲದ ಮೇಲಿನ ಯಂತ್ರದ್ದೇ. ಕೊನೆಗೆ ಬೇರೊಂದು ಖಂಡದ ದೂರದರ್ಶಕಕ್ಕೂ ಅದು ಸಿಗಬೇಕು.

ಇಷ್ಟು ಜಾಗ್ರತೆ ಏಕೆಂದರೆ ಮೋಸ ಹೋಗುವುದು ಬಹಳ ಸುಲಭ. ಆಸ್ಟ್ರೇಲಿಯಾದ ಪಾರ್ಕ್ಸ್ ದೂರದರ್ಶಕದಲ್ಲಿ ವರ್ಷಗಟ್ಟಲೆ ವಿಚಿತ್ರ ಮಿಡಿತಗಳು ದಾಖಲಾಗುತ್ತಿದ್ದವು. 2015ರಲ್ಲಿ ಮೂಲ ಸಿಕ್ಕಿತು: ಅಲ್ಲಿನ ಮೈಕ್ರೋವೇವ್ ಒಲೆಯ ಬಾಗಿಲನ್ನು ಅದು ಆಫ್ ಆಗುವ ಮೊದಲೇ ಯಾರೋ ಎಳೆದು ತೆಗೆದಾಗ ಹೊರಬೀಳುತ್ತಿದ್ದ ಅಲೆ. ಅದೇ ಪಾರ್ಕ್ಸ್‌ನಲ್ಲಿ 2019ರಲ್ಲಿ ಪ್ರಾಕ್ಸಿಮಾ ಕಡೆಯಿಂದ 982 ಮೆಗಾಹರ್ಟ್ಸ್‌ನಲ್ಲಿ ಒಂದು ಗೆರೆ ಸಿಕ್ಕಿತು. ಗುರಿಯಿಟ್ಟಾಗ ಕಂಡಿತು, ತಿರುಗಿಸಿದಾಗ ಕಾಣಲಿಲ್ಲ, ಆವರ್ತನವೂ ಜಾರುತ್ತಿತ್ತು. ಪರೀಕ್ಷೆಯೆಲ್ಲ ಪಾಸಾದ ಹಾಗೆ ತೋರಿತು. ಆಮೇಲೆ ಹಳೆಯ ದಾಖಲೆ ಕೆದಕಿದಾಗ ಬೇರೆ ಆವರ್ತನಗಳಲ್ಲೂ ಅದರದೇ ಚಹರೆಯ ಹತ್ತಾರು ಗೆರೆಗಳು ಸಿಕ್ಕವು. ಅವುಗಳ ನಡುವಿನ ಅಂತರ ಸಾಮಾನ್ಯ ವಿದ್ಯುನ್ಮಾನ ಉಪಕರಣಗಳೊಳಗಿನ ಗಡಿಯಾರ ಹರಳಿನ ಆವರ್ತನಕ್ಕೆ ತಾಳೆಯಾಯಿತು. ಎರಡು ಯಂತ್ರಗಳ ಅಲೆ ಬೆರೆತು ಹುಟ್ಟಿದ ಮೂರನೆಯ ಅಲೆ ಅದು. 2021ರಲ್ಲಿ ಅದನ್ನು ಬಿಡಿಸಿ ಪ್ರಕಟಿಸಿದರು. ನನ್ನ ದೃಷ್ಟಿಯಲ್ಲಿ ಇದು ಈ ಕ್ಷೇತ್ರ ಹೆಮ್ಮೆಪಡಬೇಕಾದ ಕೆಲಸ. ಇಂಥದೊಂದು ಗೆರೆ ಪೂರ್ತಿ ಪರೀಕ್ಷೆಗೆ ಮೊದಲೇ ಮೊಬೈಲಿನಲ್ಲಿ ಹರಿದಾಡಿ, ಯಾರೋ ಒಬ್ಬರು ಉತ್ಸಾಹದಲ್ಲಿ ಉತ್ತರ ಕಳಿಸಿಬಿಟ್ಟರೆ? ಅನ್ಯಲೋಕದವರ ದಂಡಯಾತ್ರೆಗಿಂತ ಇದು ನನಗೆ ಹತ್ತಿರದ ಆತಂಕ.

ಇನ್ನು, ಕಳಿಸಿದ್ದು ಅವರಿಗೆ ಅರ್ಥವಾಗುತ್ತದೆಯೇ? ನಮ್ಮ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಬಂಡೆಗಳಿಗೆ ಹೋಗಿ ನಿಲ್ಲಿ. ಕ್ರಿಸ್ತಪೂರ್ವ 3ನೇ ಶತಮಾನದ ಅಶೋಕನ ಶಾಸನಗಳು ಅಲ್ಲಿವೆ. ಬರೆದದ್ದು ಮನುಷ್ಯ, ಓದಬೇಕಾದವನೂ ಮನುಷ್ಯ, ನೆಲವೂ ಇದೇ. ಆದರೂ ಆ ಬ್ರಾಹ್ಮಿ ಲಿಪಿಯನ್ನು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಓದಬಲ್ಲವರೇ ಇರಲಿಲ್ಲ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಅದನ್ನು ಬಿಡಿಸಿದ್ದು ಒಂದೇ ಪದ ಹಲವು ಕಡೆ ಮರುಕಳಿಸಿದ್ದರಿಂದ, ನಮ್ಮ ಇಂದಿನ ಲಿಪಿಗಳು ಅದರ ಮಕ್ಕಳಾಗಿದ್ದರಿಂದ, ಭಾಷೆ ಪ್ರಾಕೃತವಾಗಿದ್ದರಿಂದ. ಈ ಶಾಸನಗಳನ್ನು ಬರೆದ ಚಪಡ ಎಂಬ ಲಿಪಿಕಾರ ತನ್ನ ವೃತ್ತಿಯ ಹೆಸರನ್ನು ಬಲದಿಂದ ಎಡಕ್ಕೆ ಓದುವ ಖರೋಷ್ಠಿಯಲ್ಲಿ ಬರೆದಿದ್ದಾನೆ. ಗಾಂಧಾರದ ಆ ಲಿಪಿ ಇಲ್ಲಿ ಎಷ್ಟು ಜನಕ್ಕೆ ತಿಳಿದಿತ್ತು? ಅನ್ಯಲೋಕಕ್ಕೆ ಹೋಗುವ 1679 ಅಂಕಿಗಳಿಗೆ ಇಂಥ ಯಾವ ಸುಳಿವೂ ಇಲ್ಲ. ಓದುವವರಿಗೆ ಕಣ್ಣಿದೆಯೋ, ಚಿತ್ರವೆಂಬ ಕಲ್ಪನೆಯಿದೆಯೋ, ಅದೂ ಊಹೆ. ಅವರಿಗೆ ಖಚಿತವಾಗಿ ತಿಳಿಯುವುದು ಒಂದೇ: ಇಂಥ ದಿಕ್ಕಿನಲ್ಲಿ ಯಾರೋ ಇದ್ದಾರೆ. ನಮ್ಮ ಶಾಂತಿ, ಸ್ನೇಹದ ಮಾತೆಲ್ಲ ದಾರಿಯಲ್ಲೇ ಉಳಿದು ವಿಳಾಸ ಮಾತ್ರ ತಲುಪಬಹುದು.

1977ರ ವಾಯೇಜರ್ ನೌಕೆಗಳ ಚಿನ್ನದ ಲೇಪದ ತಟ್ಟೆಯಲ್ಲಿ 55 ಭಾಷೆಗಳ ಶುಭಾಶಯವಿದ್ದು, ಕನ್ನಡವೂ ಅದರಲ್ಲಿ ಒಂದು ಎಂಬುದು ಎಲ್ಲರಿಗೂ ಖುಷಿ ಕೊಡುವ ಸಂಗತಿ. "ಕನ್ನಡಿಗರ ಪರವಾಗಿ ಶುಭಾಶಯಗಳು" ಎನ್ನುತ್ತದೆ ಆ ದನಿ. ಅದಕ್ಕೆ ನನ್ನ ತಕರಾರಿಲ್ಲ. ಸೆಕೆಂಡಿಗೆ 17 ಕಿಲೋಮೀಟರ್ ವೇಗದ ವಾಯೇಜರ್ 1 ಮುಂದಿನ ನಕ್ಷತ್ರದ ಹತ್ತಿರ ಎನ್ನುವಷ್ಟು ಬರಲು ಸುಮಾರು 40 ಸಾವಿರ ವರ್ಷ ಬೇಕು, ಆಗಲೂ ಒಂದೂವರೆ ಜ್ಯೋತಿರ್ವರ್ಷಕ್ಕಿಂತ ಹೆಚ್ಚು ದೂರದಲ್ಲೇ ಹಾದು ಹೋಗುತ್ತದೆ.

ರೇಡಿಯೋ ಹಾಗಲ್ಲ. 2008ರ ಅಕ್ಟೋಬರಿನಲ್ಲಿ ಉಕ್ರೇನಿನ ಎವ್ಪಟೋರಿಯದ 70 ಮೀಟರ್ ಬೋಗುಣಿಯಿಂದ ಗ್ಲೀಸ್ 581 ನಕ್ಷತ್ರಕ್ಕೆ ಒಂದು ಸಾಮಾಜಿಕ ಜಾಲತಾಣದ ಬಳಕೆದಾರರು ಆರಿಸಿದ 501 ಸಂದೇಶಗಳು ಹೋದವು, 2029ರಲ್ಲಿ ತಲುಪುತ್ತವೆ. 2017ರಲ್ಲಿ ನಾರ್ವೆಯ ಟ್ರೊಮ್ಸೊದಿಂದ 12.4 ಜ್ಯೋತಿರ್ವರ್ಷ ದೂರದ ಲೂಯ್ಟನ್ ನಕ್ಷತ್ರಕ್ಕೆ ಇನ್ನೊಂದು ಹೋಯಿತು. ಅದಕ್ಕೆ ಉತ್ತರ ಬರುವುದಾದರೆ 2042ರ ಹೊತ್ತಿಗೇ ಬರಬಹುದು. ಇವತ್ತು ಶಾಲೆಯಲ್ಲಿರುವ ಮಕ್ಕಳ ಕಾಲದಲ್ಲಿ! ಯಾರ ಒಪ್ಪಿಗೆ ಪಡೆದು ಕಳಿಸಿದರು? ಯಾರನ್ನೂ ಕೇಳಬೇಕಾದ ಕಾನೂನೇ ಇಲ್ಲ. 1967ರ ಬಾಹ್ಯಾಕಾಶ ಒಪ್ಪಂದ ಅಣ್ವಸ್ತ್ರ, ಮಾಲಿನ್ಯದ ಬಗ್ಗೆ ಮಾತಾಡುತ್ತದೆ, ಸಂದೇಶದ ಬಗ್ಗೆ ಇಲ್ಲ. 1989ರಲ್ಲಿ ಅಂತರರಾಷ್ಟ್ರೀಯ ಗಗನಯಾನ ಅಕಾಡೆಮಿ ಒಂದು ಘೋಷಣೆ ಮಾಡಿತು: ಸಂಕೇತ ಸಿಕ್ಕಿದರೆ ಪರೀಕ್ಷಿಸಿ, ಬೇರೆ ವೀಕ್ಷಕರಿಗೆ ತಿಳಿಸಿ, ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಗೆ ವರದಿ ಕೊಡಿ, ಆ ಆವರ್ತನವನ್ನು ಗದ್ದಲದಿಂದ ಕಾಪಾಡಿ, ಅಂತರರಾಷ್ಟ್ರೀಯ ಸಮಾಲೋಚನೆಯಿಲ್ಲದೆ ಉತ್ತರ ಕಳಿಸಬೇಡಿ. ಒಳ್ಳೆಯ ನಿಯಮ. ಆದರೆ ಮುರಿದವರಿಗೆ ಶಿಕ್ಷೆಯಿಲ್ಲ, ಯಾರೂ ಕರೆಯದೆಯೇ ನಾವಾಗಿ ಕೂಗುವುದಕ್ಕೆ ಅದು ತಡೆಯೂ ಅಲ್ಲ. ವಿಶ್ವಸಂಸ್ಥೆಯ ಬಾಹ್ಯಾಕಾಶ ಸಮಿತಿಯಲ್ಲಿ ಭಾರತ ಸದಸ್ಯ ದೇಶ. ಇಂತಿಷ್ಟು ಬಲಕ್ಕಿಂತ ಹೆಚ್ಚಿನ, ನಕ್ಷತ್ರಕ್ಕೆ ಗುರಿಯಿಟ್ಟ ಪ್ರಸಾರಕ್ಕೆ ಮುಂಚಿತ ಒಪ್ಪಿಗೆ ಬೇಕೆಂಬ ಪ್ರಸ್ತಾವವನ್ನು ನಮ್ಮ ದೇಶವೇ ಮುಂದಿಡಬಹುದು, ಇಡಬೇಕು.

ಎಲ್ಲರೂ ಬರೀ ಕೇಳುತ್ತಾ ಕೂತರೆ ಮಾತಾಡುವವರು ಯಾರು ಎಂದು ಕೂಗುವ ಪಕ್ಷದವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಆದರೆ ರೇಡಿಯೋ ಕಲಿತು ನೂರು ಚಿಲ್ಲರೆ ವರ್ಷವಾದ ನಾವು ಈ ಸಭೆಗೆ ತೀರ ಕಿರಿಯರು. ಮಾತು ಶುರುಮಾಡುವ ಹೊರೆ ನಮ್ಮದೇ ಆಗಬೇಕಿಲ್ಲ. ಕೂಗುವುದರ ವಿರುದ್ಧ 2010ರಲ್ಲಿ ಎಚ್ಚರಿಸಿದ ಸ್ಟೀಫನ್ ಹಾಕಿಂಗ್, 2015ರಲ್ಲಿ ಹತ್ತು ವರ್ಷ, ಹತ್ತು ಕೋಟಿ ಡಾಲರಿನ ಕೇಳುವ ಯೋಜನೆಗೆ ಬೆಂಬಲವಾಗಿ ವೇದಿಕೆಯಲ್ಲಿದ್ದರು. ಅದರಲ್ಲಿ ವಿರೋಧಾಭಾಸವೇನೂ ಇಲ್ಲ.

ಕೇಳುವುದನ್ನು ಚಿತ್ರದುರ್ಗ, ದಾವಣಗೆರೆಯ ಯಾವ ಕಾಲೇಜಿನ ಭೌತವಿಜ್ಞಾನ ವಿಭಾಗವೂ ಶುರುಮಾಡಬಹುದು. ಅನ್ಯಲೋಕದವರ ಮಾತಿಗೆ ನಾನೀಗ ಹೇಳುವ ಪುಟ್ಟ ಉಪಕರಣ ಸಾಲದು. ಆಕಾಶಗಂಗೆಯ ಜಲಜನಕಕ್ಕೆ ಸಾಕು, ಕೈ ಪಳಗುವುದು ಅಲ್ಲಿಂದಲೇ. ಸುಮಾರು 16 ಸೆಂಟಿಮೀಟರ್ ಅಗಲದ ಚೌಕ ತಗಡಿನ ಡಬ್ಬ ತೆಗೆದುಕೊಂಡು, ಹಿಂಬದಿಯಿಂದ 7 ಸೆಂಟಿಮೀಟರ್ ದೂರದಲ್ಲಿ, ಒಂದು ಪಕ್ಕದ ಅಗಲದ ನಡುಮಧ್ಯೆ, 5.3 ಸೆಂಟಿಮೀಟರ್ ಉದ್ದದ ತಾಮ್ರದ ಕಡ್ಡಿ ನಿಲ್ಲಿಸಿ. ಅಲ್ಯೂಮಿನಿಯಂ ಹಾಳೆ ಅಂಟಿಸಿದ ಥರ್ಮಾಕೋಲ್ ಹಲಗೆಗಳಿಂದ ಡಬ್ಬದ ಬಾಯಿಗೆ ಕೊಳವೆಯಂತೆ ಅಗಲಿಸುತ್ತಾ ಹೋಗಿ, ಮುಂದಿನ ಬಾಯಿ ಮುಕ್ಕಾಲು ಮೀಟರ್ ಬರಲಿ. 1420 ಮೆಗಾಹರ್ಟ್ಸ್‌ನ ಸೋಸುಕ, ಅಂದರೆ ಫಿಲ್ಟರ್, ಇರುವ ಕಡಿಮೆ ಗದ್ದಲದ ಆಂಪ್ಲಿಫೈಯರ್ ಅನ್ನು ಕಡ್ಡಿಯ ಬುಡಕ್ಕೇ ಜೋಡಿಸಬೇಕು; ನಡುವೆ ಉದ್ದ ಕೇಬಲ್ ಹಾಕಿದರೆ ಕೇಬಲಿನ ನಷ್ಟವೇ ಗದ್ದಲವಾಗಿ ಸೇರುತ್ತದೆ. ಸೋಸುಕ ಬಿಟ್ಟರೆ 900, 1800 ಮೆಗಾಹರ್ಟ್ಸ್‌ನ ಮೊಬೈಲ್ ಗೋಪುರಗಳು ಆಂಪ್ಲಿಫೈಯರ್‌ನ ಉಸಿರು ಕಟ್ಟಿಸುತ್ತವೆ. ಅಲ್ಲಿಂದ ಯುಎಸ್‌ಬಿ ಎಸ್‌ಡಿಆರ್ ಡಾಂಗಲ್, ಅಂದರೆ ರೇಡಿಯೋ ಅಲೆಯನ್ನು ಕಂಪ್ಯೂಟರ್ ಓದುವ ಅಂಕಿಗಳಾಗಿಸುವ ಪುಟ್ಟ ಗ್ರಾಹಕ; ಆಮೇಲೆ ಲ್ಯಾಪ್‌ಟಾಪ್. ಡಾಂಗಲ್ ಬಿಸಿಯಾಗುತ್ತಾ ಆವರ್ತನ ಸರಿಯುವುದರಿಂದ ಇಪ್ಪತ್ತು ನಿಮಿಷ ಮೊದಲೇ ಚಾಲೂ ಮಾಡಿ. ಅದರ ಮಧ್ಯದ ಆವರ್ತನದಲ್ಲಿ ಸುಳ್ಳು ಮುಳ್ಳೊಂದು ಏಳುತ್ತದೆ, 1420.4ಕ್ಕೇ ನೇರ ಹೊಂದಿಸದೆ ಸ್ವಲ್ಪ ಪಕ್ಕಕ್ಕೆ ಹೊಂದಿಸಿ.

ಅಕ್ಟೋಬರಿನಲ್ಲಿ ರಾತ್ರಿ ಎಂಟರ ಸುಮಾರಿಗೆ ರಾಜಹಂಸ ನಕ್ಷತ್ರಪುಂಜ ಉತ್ತರದಲ್ಲಿ ಎತ್ತರಕ್ಕಿರುತ್ತದೆ. ಊರಿನಿಂದ ದೂರ, ಚಳ್ಳಕೆರೆ ಕಡೆಯ ಬಯಲಿನಲ್ಲಿ, ಹೈಟೆನ್ಷನ್ ತಂತಿಯಿಲ್ಲದ ಜಾಗದಲ್ಲಿ ಅತ್ತ ತಿರುಗಿಸಿ ಐದು ನಿಮಿಷದ ದಾಖಲೆ ತೆಗೆದುಕೊಳ್ಳಿ. ಆಮೇಲೆ ಆಕಾಶಗಂಗೆಯಿಂದ ದೂರದ ಖಾಲಿ ಆಕಾಶಕ್ಕೆ ತಿರುಗಿಸಿ ಇನ್ನೈದು ನಿಮಿಷ. ಮೊದಲನೆಯದರಿಂದ ಎರಡನೆಯದನ್ನು ಕಳೆದರೆ 1420.4ರ ಆಚೀಚೆ ಅರ್ಧ ಮೆಗಾಹರ್ಟ್ಸ್ ಒಳಗೆ ಗುಡ್ಡದಂಥ ಉಬ್ಬು ಕಾಣಬೇಕು. ಡಬ್ಬದ ಬಾಯಿಯನ್ನು ನೆಲಕ್ಕೆ ತಿರುಗಿಸಿದಾಗಲೂ ಆ ಉಬ್ಬು ಅಲ್ಲೇ ಇದ್ದರೆ ಅದು ಆಕಾಶದ್ದಲ್ಲ, ನಿಮ್ಮ ಲ್ಯಾಪ್‌ಟಾಪಿನದು. ಅದನ್ನು ಐದಾರು ಮೀಟರ್ ದೂರ ಸರಿಸಿ ಮತ್ತೆ ಮೊದಲಿನಿಂದ ತೆಗೆಯಿರಿ.