ಕೆಂಪು ಟ್ರ್ಯಾಕಿನ ಕೆಳಗೆ

ಕೇಳುಗರಿಗೆ ನಮಸ್ಕಾರ.

ಹೋದ ತಿಂಗಳು ಒಂದು ದಿನ ಬೆಳಿಗ್ಗೆ ಆರೂವರೆಗೆ ನನ್ನ ಹಳೇ ವಿದ್ಯಾರ್ಥಿಯೊಬ್ಬನ ಫೋನ್ ಬಂತು. ಅವನೀಗ ಊರಾಚೆಯ ಒಂದು ವಿಶ್ವವಿದ್ಯಾಲಯದಲ್ಲಿ ದೈಹಿಕ ಶಿಕ್ಷಣ ನಿರ್ದೇಶಕ. ಹುಡುಗರ ಬಾಯಲ್ಲಿ ಬರೀ ಪಿ.ಡಿ. ಸರ್. "ಸರ್, ನಮಗೆ ಸಿಂಥೆಟಿಕ್ ಟ್ರ್ಯಾಕ್ ಸ್ಯಾಂಕ್ಷನ್ ಆಗಿದೆ. ಹೊಸ ಬ್ಲಾಕು, ಇಂಡೋರ್ ಹಾಲು ಎಲ್ಲ ಒಟ್ಟಿಗೇ ಏಳ್ತಾ ಇವೆ. ಒಂದ್ಸಲ ಬಂದು ನೋಡಿ ಹೋಗಿ" ಅಂದ. ನಾನೂ 29 ವರ್ಷ ಇದೇ ಕೆಲಸ ಮಾಡಿ ರಿಟೈರ್ ಆದವನು. ಮನೆಯಲ್ಲಿ ಕೂತು ಕೂತು ಬೇಜಾರೂ ಆಗಿತ್ತು. ಹೊರಟೆ.

ಹೋಗಿ ನೋಡಿದರೆ ಗ್ರೌಂಡು ಗ್ರೌಂಡಾಗಿ ಇರಲೇ ಇಲ್ಲ. ಕೆರೆಯ ಹೂಳೆತ್ತುವವರ ಹಾಗೆ ಅಗೆದು ಹಾಕಿದ್ದರು. ಒಂದು ಕಡೆ ಜಲ್ಲಿ ಗುಡ್ಡೆ, ಇನ್ನೊಂದು ಕಡೆ ಎಂ ಸ್ಯಾಂಡು, ನಡುವೆ ಜೆಸಿಬಿ. ಗೇಟಿನ ಹತ್ತಿರ ಒಂದು ದೊಡ್ಡ ಫ್ಲೆಕ್ಸು. ಅದರಲ್ಲಿ ಕೆಂಪು ಟ್ರ್ಯಾಕು, ಹಸಿರು ಹುಲ್ಲು, ಓಡುತ್ತಿರುವ ಯಾರೋ ಫಾರಿನ್ನವರು. ಎಂಜಿನಿಯರ್ ನನ್ನನ್ನು ಅದರ ಮುಂದೆ ನಿಲ್ಲಿಸಿ ವಿವರಿಸಲು ಶುರು ಮಾಡಿದರು. "ಅದಿರಲಿ ಸ್ವಾಮಿ, ಚರಂಡಿ ತೋರಿಸಿ" ಅಂದೆ. ಪಾಪ, ಅವರ ಮುಖ ಸ್ವಲ್ಪ ಸಪ್ಪಗಾಯಿತು.

ಟಿವಿಯಲ್ಲಿ ನೋಡುವಾಗ ಆ ಕೆಂಪು ಟ್ರ್ಯಾಕು ದಪ್ಪ ಹಾಸಿಗೆಯ ಥರ ಕಾಣುತ್ತದೆ. ನಿಜವಾಗಿ ಅದರ ದಪ್ಪ ಸುಮಾರು 13 ಮಿಲಿಮೀಟರ್. ಅರ್ಧ ಇಂಚು, ಅಷ್ಟೇ. ಪಾಲಿಯುರೆಥೇನ್ ಅನ್ನುವ ಅಂಟು, ಅದರಲ್ಲಿ ರಬ್ಬರ್ ಹರಳು. ಅದರ ಕೆಳಗೆ ಡಾಂಬರು, ಡಾಂಬರಿನ ಕೆಳಗೆ ಜಲ್ಲಿ, ಜಲ್ಲಿಯ ಕೆಳಗೆ ರೋಲರ್ ಹೊಡೆದು ಗಟ್ಟಿ ಮಾಡಿದ ಮಣ್ಣು. ಒಗ್ಗರಣೆ ಎಷ್ಟೇ ಘಮ್ ಅಂದರೂ ಬೇಳೆ ಬೆಂದಿಲ್ಲ ಅಂದರೆ ಸಾರು ಸಾರಲ್ಲ, ಅಲ್ವಾ?

ಇನ್ನು ನೀರಿನ ವಿಷಯ. ಒಂದೊಂದು ಲೇನಿನ ಅಗಲ 1.22 ಮೀಟರ್. ಎಂಟು ಲೇನ್ ಸೇರಿದರೆ ಹತ್ತಿರ ಹತ್ತಿರ 10 ಮೀಟರ್. ಈ ಅಗಲಕ್ಕೆ ಹೊರಗಿನ ಅಂಚಿನಿಂದ ಒಳಗಿನ ಅಂಚಿಗೆ ನೂರಕ್ಕೆ ಒಂದು ಪಾಲಿನಷ್ಟು ಮಾತ್ರ ಇಳಿಜಾರು ಕೊಡಬಹುದು. ಅಂದರೆ ಒಟ್ಟು ಹತ್ತು ಸೆಂಟಿಮೀಟರ್, ನನ್ನ ಅಂಗೈ ಅಗಲಕ್ಕಿಂತ ಸ್ವಲ್ಪ ಜಾಸ್ತಿ. ಓಡುವ ದಿಕ್ಕಿನಲ್ಲಿ ಇನ್ನೂ ಕಡಿಮೆ, ಸಾವಿರಕ್ಕೆ ಒಂದು. ಕಣ್ಣಿಗೆ ಕಾಣಿಸುವುದಿಲ್ಲ, ಆದರೆ ನೀರಿಗೆ ಗೊತ್ತಾಗುತ್ತದೆ. ಬಿದ್ದ ಮಳೆಯೆಲ್ಲ ಒಳಗಡೆಯ ಚರಂಡಿಗೆ ಹರಿದು ಹೋಗಬೇಕು. ಟ್ರ್ಯಾಕು ಮುಗಿದ ಮೇಲೆ ಒಂದು ಪರೀಕ್ಷೆಯೂ ಇದೆ. ಪೂರ್ತಿ ನೀರು ಹರಿಸಿ 20 ನಿಮಿಷ ಬಿಡುತ್ತಾರೆ. ಆಮೇಲೂ ಎಲ್ಲಾದರೂ ನೀರು ಮಡುಗಟ್ಟಿ ನಿಂತಿದ್ದರೆ ಆ ಜಾಗ ಫೇಲು. ಪರೀಕ್ಷೆ ಮಾಡುವ ದಿನ ಪಿ.ಡಿ. ಆದವನು ರಜಾ ಹಾಕದೆ ಅಲ್ಲೇ ನಿಂತಿರಬೇಕು ಅನ್ನುವುದು ನನ್ನ ಸಲಹೆ.

ನಮ್ಮ ಬೆಂಗಳೂರಿನ ಮಳೆ ಬೇರೆ ಇದೆಯಲ್ಲ. ಈ ಪಾಲಿಯುರೆಥೇನಿಗೆ ತೇವ ಕಂಡರೆ ಆಗುವುದಿಲ್ಲ. ಗಟ್ಟಿಯಾಗುವ ಮುಂಚೆ ನೀರು ತಾಗಿದರೆ ಒಳಗೆ ಗ್ಯಾಸ್ ಹುಟ್ಟಿ ಗುಳ್ಳೆ ಏಳುತ್ತದೆ. ಡಾಂಬರು ಹಾಕಿದ ಮೇಲೂ ಕೆಲವು ವಾರ ಸುಮ್ನೆ ಬಿಡಬೇಕು. ಹಾಗಾಗಿ ಇಲ್ಲಿ ಈ ಕೆಲಸಕ್ಕೆ ಒಳ್ಳೇ ಕಾಲ ಅಂದರೆ ಡಿಸೆಂಬರಿನಿಂದ ಮಾರ್ಚ್. ಏಪ್ರಿಲ್ ಬಂತೆಂದರೆ ಸಂಜೆ ನಾಲ್ಕಕ್ಕೆ ಮೋಡ ಕಟ್ಟುತ್ತದೆ. ಆದರೆ ನಮ್ಮ ಕಡೆ ಟೆಂಡರು, ಫೈಲು, ಸಹಿ ಎಲ್ಲ ಮುಗಿದು ಕೆಲಸ ಶುರುವಾಗುವ ಹೊತ್ತಿಗೇ ಫೆಬ್ರವರಿ. ಮಾರ್ಚ್ 31ರೊಳಗೆ ಬಿಲ್ ಆಗಬೇಕು. ಡಾಂಬರು ಆರಲಿ ಬಿಡಲಿ, ಮೇಲೆ ಬಳಿ! ನಾನು ಕೆಲಸದಲ್ಲಿದ್ದಾಗ ಒಂದು ಕಾಲೇಜಿನಲ್ಲಿ ಹೀಗೇ ಆಯಿತು. ಆ ಕಾಲೇಜಿನ ಹೆಸರು ಬೇಡ. ರಿಬ್ಬನ್ ಕತ್ತರಿಸಿ ಮೂರು ತಿಂಗಳಿಗೆ ಎರಡನೇ ತಿರುವಿನಲ್ಲಿ ಟ್ರ್ಯಾಕು ಉದ್ದಿನ ಹಪ್ಪಳದ ಹಾಗೆ ಉಬ್ಬಿಕೊಂಡಿತ್ತು. ಹುಡುಗರು ಅದನ್ನು ಕಾಲಿನಲ್ಲಿ ಒತ್ತಿ ಒತ್ತಿ ಆಟ ಆಡುತ್ತಿದ್ದರು.

ಹಾಗಂತ ಮಣ್ಣಿನ ಟ್ರ್ಯಾಕೇ ಚಂದ, ನಮ್ಮ ಕಾಲವೇ ಚಂದ ಅನ್ನುವ ಗುಂಪಿನವನಲ್ಲ ನಾನು. ಮಣ್ಣಿನ ಟ್ರ್ಯಾಕಿನ ಕಷ್ಟ ಗೊತ್ತಿರುವವರು ಹಾಗೆ ಹೇಳುವುದಿಲ್ಲ. ನಮ್ಮ ಕಾಲೇಜಿನಲ್ಲಿ ಒಬ್ಬ ಮಾರ್ಕರ್ ಇದ್ದ. ಗ್ರೌಂಡಿಗೆ ಗೆರೆ ಹಾಕುವವನಿಗೆ ಮಾರ್ಕರ್ ಅನ್ನುತ್ತೇವೆ. ಸ್ಪೋರ್ಟ್ಸ್ ಡೇ ಹಿಂದಿನ ದಿನ ಅವನೂ ನಾನೂ ಟೇಪು, ಮೊಳೆ, ಹುರಿ ಹಿಡಿದು ಬಗ್ಗಿದರೆ ಏಳುವುದು ಸಂಜೆಗೆ. ಹಳೇ ಡಬ್ಬದ ತಳಕ್ಕೆ ತೂತು ಹೊಡೆದು, ಅದರಲ್ಲಿ ಸುಣ್ಣದ ಪುಡಿ ತುಂಬಿಕೊಂಡು, ಹುರಿ ಹಿಡಿದೇ ನಡೆಯುತ್ತಿದ್ದ. ಕೈ ಒಂದು ಚೂರೂ ಅಲುಗುತ್ತಿರಲಿಲ್ಲ.

ನಾನೂರು ಮೀಟರ್ ಓಟದಲ್ಲಿ ಎಲ್ಲರೂ ಒಂದೇ ಗೆರೆಯಿಂದ ಹೊರಡುವುದಿಲ್ಲ. ಹೊರಗಿನ ಲೇನಿನ ಸುತ್ತು ದೊಡ್ಡದು. ಅದಕ್ಕೆ ಎರಡನೇ ಲೇನಿನವರು 7.04 ಮೀಟರ್ ಮುಂದೆ ನಿಲ್ಲಬೇಕು. ಎಂಟನೇ ಲೇನಿನವರಂತೂ 53 ಮೀಟರ್ ಮುಂದೆ. ಪ್ರತಿ ವರ್ಷ ಯಾರಾದರೂ ಒಬ್ಬ ತಂದೆ ಬಂದು ಕೇಳುತ್ತಿದ್ದರು, "ಏನ್ ಸಾರ್, ಆ ಹುಡುಗೀನ ಅಷ್ಟು ಮುಂದೆ ನಿಲ್ಲಿಸಿದ್ದೀರಾ, ನಿಮ್ಮ ಕಡೆಯವಳಾ?" ನಾನು ಮಾರ್ಕರ್ ಕಡೆ ಕೈ ತೋರಿಸುತ್ತಿದ್ದೆ. ಅವನು ಟೇಪನ್ನೇ ಅವರ ಕೈಗೆ ಕೊಟ್ಟು, "ನೀವೇ ಅಳೀರಿ ಯಜಮಾನ್ರೇ" ಅನ್ನುತ್ತಿದ್ದ. ರಾತ್ರಿ ಮಳೆ ಬಂದರೆ ಅಷ್ಟೂ ಗೆರೆ ತೊಳೆದು ಹೋಗುತ್ತಿತ್ತು. ಬೆಳಗಿನ ಜಾವ ಐದಕ್ಕೆ ಮತ್ತೆ ಮೊಳೆ, ಮತ್ತೆ ಹುರಿ.

ಮಣ್ಣಿನಲ್ಲಿ ಓಡಿ ಬೆಳೆದ ಮಕ್ಕಳಿಗೆ ಅದಕ್ಕಿಂತ ದೊಡ್ಡ ಪೆಟ್ಟು ಇನ್ನೊಂದಿತ್ತು. ನಮ್ಮಲ್ಲಿ ಒಬ್ಬಳು ಹುಡುಗಿ ಬರಿಗಾಲಿನಲ್ಲಿ ಇನ್ನೂರು ಮೀಟರ್ ಓಡುತ್ತಿದ್ದಳು. ಯೂನಿವರ್ಸಿಟಿ ಮಟ್ಟದಲ್ಲಿ ಎಲ್ಲರನ್ನೂ ಹಿಂದೆ ಹಾಕಿದಳು. ಆಮೇಲೆ ಕಂಠೀರವ ಸ್ಟೇಡಿಯಮ್ಮಿಗೆ ಕರೆದುಕೊಂಡು ಹೋದೆ. ಸಿಂಥೆಟಿಕ್ ಮೇಲೆ ಅವಳು ಕಾಲಿಟ್ಟದ್ದು ಅದೇ ಮೊದಲು. ಯಾರದ್ದೋ ಸ್ಪೈಕ್ಸ್, ಅಂದರೆ ತಳದಲ್ಲಿ ಮೊಳೆ ಇರುವ ಶೂ, ಇಸಿದುಕೊಂಡಿದ್ದೆವು. ಮೊಳೆ ಉದ್ದ ಇವೆ, ಈ ಟ್ರ್ಯಾಕಿಗೆ 9 ಮಿಲಿಮೀಟರಿಗಿಂತ ಜಾಸ್ತಿ ಇರಬಾರದು ಅಂತ ವಾಪಸ್ ಕಳಿಸಿದರು. ಬರಿಗಾಲಿನಲ್ಲೇ ಓಡಿದಳು. ಮಧ್ಯಾಹ್ನ ಹನ್ನೆರಡರ ಬಿಸಿಲು. ಆ ರಬ್ಬರು ಕಾದ ಹೆಂಚು. ಹೀಟ್ಸಿನಲ್ಲೇ, ಅಂದರೆ ಮೊದಲ ಸುತ್ತಿನಲ್ಲೇ, ಹೊರಗೆ ಬಂದಳು. ಅಂಗಾಲು ತೋರಿಸಿದಾಗ ನನಗೆ ಮಾತು ಬರಲಿಲ್ಲ. ಬೊಬ್ಬೆ ಬಂದು ಒಡೆದಿತ್ತು. ಒಲಿಂಪಿಕ್ಸ್ ಓಟ ಸಿಂಥೆಟಿಕ್ ಮೇಲೆ ನಡೆಯಲು ಶುರುವಾದದ್ದು 1968ರಲ್ಲಿ, ಮೆಕ್ಸಿಕೋದಲ್ಲಿ. ಅದಾಗಿ ಎಷ್ಟು ವರ್ಷ ಕಳೆದ ಮೇಲೂ ನಮ್ಮ ಮಕ್ಕಳಿಗೆ ಅದರ ಪರಿಚಯ ಆಗುತ್ತಿದ್ದದ್ದು ಸ್ಪರ್ಧೆಯ ದಿನವೇ.

ಕಂಠೀರವ ಅಂದೆನಲ್ಲ. 1997ರ ರಾಷ್ಟ್ರೀಯ ಕ್ರೀಡಾಕೂಟ ಈ ಊರಿನಲ್ಲಿ ಆಯಿತು. 2022ರ ಏಪ್ರಿಲ್ ಮೇನಲ್ಲಿ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟವೂ ಇಲ್ಲೇ ಆಯಿತು. ದೊಡ್ಡ ಕೂಟಕ್ಕೆ ಊರಿನ ನಡುವೆ ಸ್ಟೇಡಿಯಂ ಬೇಕು, ಸರಿ. ಆದರೆ ಕೆಂಗೇರಿ ಕಡೆಯ ಹುಡುಗ ದಿನಾ ಬೆಳಿಗ್ಗೆ ಎರಡು ಬಸ್ಸು ಹತ್ತಿ ಪ್ರಾಕ್ಟೀಸಿಗೆ ಬಂದು, ಒಂಬತ್ತಕ್ಕೆ ಕ್ಲಾಸಿಗೆ ಹೋಗಲು ಆಗುತ್ತದಾ? ಅದಕ್ಕೇ ಕ್ಯಾಂಪಸ್ಸಿನಲ್ಲೇ ಟ್ರ್ಯಾಕ್ ಬೇಕು ಅನ್ನುವುದು.

ಈಗ ಜಾಗದ ಮಾತು. ಎಂಟು ಲೇನಿನ ಟ್ರ್ಯಾಕಿಗೆ ಸುಮಾರು 177 ಮೀಟರ್ ಉದ್ದ, 93 ಮೀಟರ್ ಅಗಲ ಬೇಕು. ಲೆಕ್ಕ ಹಾಕಿದರೆ ನಾಲ್ಕು ಎಕರೆ. 1964ರಲ್ಲಿ ಶುರುವಾದ ಬೆಂಗಳೂರು ವಿಶ್ವವಿದ್ಯಾಲಯಕ್ಕೆ ಜ್ಞಾನಭಾರತಿಯಲ್ಲಿ ಸುಮಾರು 1,100 ಎಕರೆ ಸಿಕ್ಕಿತ್ತು. ಕ್ರೀಡಾ ಪ್ರಾಧಿಕಾರದ ದಕ್ಷಿಣ ಕೇಂದ್ರ, ಅದೇ ನಮ್ಮ ಸಾಯ್, ಅದೂ ಅಲ್ಲೇ ಇದೆ. ನಮ್ಮ ಹಾಕಿ ತಂಡಗಳು ಟೋಕಿಯೋ ಒಲಿಂಪಿಕ್ಸಿಗೆ ಬೆವರು ಸುರಿಸಿದ್ದು ಅಲ್ಲಿ. ಅಂಥ ಜಾಗ ಈಗ ಯಾರಿಗೆ ಸಿಗುತ್ತದೆ? ಊರೊಳಗಿನ ಸೆಂಟ್ರಲ್ ಕಾಲೇಜನ್ನೇ ನೋಡಿ. 1858ರಲ್ಲಿ ಶುರುವಾದದ್ದು. ಚಿನ್ನಸ್ವಾಮಿ ಸ್ಟೇಡಿಯಂ ಆಗುವ ಮುಂಚೆ ಮೈಸೂರು ತಂಡದ ರಣಜಿ ಪಂದ್ಯ ನಡೆಯುತ್ತಿದ್ದದ್ದು ಆ ಕಾಲೇಜಿನ ಗ್ರೌಂಡಿನಲ್ಲಿ. ಕಾಲೇಜು ಅಂದರೆ ಗ್ರೌಂಡು ಇದ್ದೇ ಇರುತ್ತದೆ ಅಂದುಕೊಂಡಿದ್ದ ಕಾಲ ಅದು.

ಈಗ ಹೊಸ ಕೋರ್ಸ್ ಬಂತು, ಹೊಸ ಬ್ಲಾಕ್ ಬೇಕು. ಎಲ್ಲಿ ಕಟ್ಟುವುದು? ಎಲ್ಲರ ಕಣ್ಣೂ ಗ್ರೌಂಡಿನ ಮೂಲೆಗೆ. ಮೊದಲು ಲಾಂಗ್ ಜಂಪ್ ಗುಂಡಿ ಹೋಗುತ್ತದೆ. ಆಮೇಲೆ ಪಾರ್ಕಿಂಗು. ಕೊನೆಗೆ ಇನ್ನೂರು ಮೀಟರಿನ ಟ್ರ್ಯಾಕು ಸಾಕು ಅಂತಾರೆ. ಟ್ರ್ಯಾಕಿನ ಉದ್ದ ಉತ್ತರ ದಕ್ಷಿಣಕ್ಕೆ ಇದ್ದರೆ ಬೆಳಗಿನ, ಸಂಜೆಯ ಬಿಸಿಲು ಓಡುವವರ ಕಣ್ಣಿಗೆ ನೇರ ಹೊಡೆಯುವುದಿಲ್ಲ. ಉಳಿದ ಜಾಗದಲ್ಲಿ ತುರುಕುವಾಗ ಇದನ್ನೆಲ್ಲ ಯಾರು ನೋಡುತ್ತಾರೆ? ನನ್ನ ಹಳೇ ವಿದ್ಯಾರ್ಥಿಯ ಕ್ಯಾಂಪಸ್ಸಿನಲ್ಲಿ ಸದ್ಯ ದಿಕ್ಕು ಸರಿಯಾಗಿತ್ತು. ಹೊಸ ಬ್ಲಾಕನ್ನೂ ಹಳೇ ಶೆಡ್ಡುಗಳನ್ನು ಕೆಡವಿದ ಜಾಗದಲ್ಲೇ ಕಟ್ಟುತ್ತಿದ್ದಾರೆ. ಆ ಬುದ್ಧಿ ಯಾರಿಗೆ ಬಂತೋ, ಅವರಿಗೊಂದು ಕಾಫಿ ಕುಡಿಸಬೇಕು.

ಪ್ಲಾನಿನಲ್ಲಿ ಹುಡುಗಿಯರಿಗೆ ಬಟ್ಟೆ ಬದಲಾಯಿಸುವ ರೂಮು ಎಲ್ಲಿ ಅಂತ ಕೇಳಿದೆ. ಇಂಡೋರ್ ಹಾಲಿನ ಹಿಂದೆ ತೋರಿಸಿದರು. ಟ್ರ್ಯಾಕಿನಿಂದ ಅಲ್ಲಿಗೆ ಎಷ್ಟು ದೂರ ಇದೆಯೆಂದರೆ, ಹೋಗಿ ಬಂದರೆ ವಾರ್ಮಪ್ ಮುಗಿದೇ ಹೋಗುತ್ತದೆ. ಸಂಜೆ ಆರರ ಮೇಲೆ ಆ ದಾರಿಗೆ ಲೈಟು ಬೇರೆ ಇಲ್ಲ. ಇದನ್ನು ಬದಲಾಯಿಸಿ ಅಂದೆ. ಎಂಜಿನಿಯರ್ ಪೆನ್ಸಿಲ್ಲಿನಲ್ಲಿ ಏನೋ ಗುರುತು ಹಾಕಿಕೊಂಡರು.

ಹೊರಡುವಾಗ ನನ್ನ ಹುಡುಗನಿಗೆ ಒಂದು ಮಾತು ಹೇಳಿದೆ. ಘಟಿಕೋತ್ಸವಕ್ಕೆ ಗ್ರೌಂಡ್ ಕೊಡಿ ಅಂತ ಕೇಳಿಯೇ ಕೇಳುತ್ತಾರೆ, ಬೇರೆ ಜಾಗ ಈಗಲೇ ಹುಡುಕಿಡು. ಶಾಮಿಯಾನದ ಗೂಟ, ಸಾವಿರ ಕುರ್ಚಿಯ ಕಾಲು, ಜನರೇಟರ್ ಗಾಡಿ, ಇಷ್ಟು ಸಾಕು ಆ 13 ಮಿಲಿಮೀಟರಿನ ಕಥೆ ಮುಗಿಯಲು. ಅವನು ನಕ್ಕ. ಆಮೇಲೆ ಮೆಲ್ಲಗೆ, "ಸರ್, ಟ್ರ್ಯಾಕಿಗೆ ದುಡ್ಡು ಕೊಟ್ಟಿದ್ದಾರೆ. ನೋಡಿಕೊಳ್ಳೋಕೆ ಒಬ್ಬ ಮನುಷ್ಯನ್ನ ಕೊಟ್ಟಿಲ್ಲ. ಇದ್ದ ಮಾರ್ಕರ್ ರಿಟೈರ್ ಆದ ಮೇಲೆ ಆ ಪೋಸ್ಟೇ ತುಂಬಿಲ್ಲ" ಅಂದ.

ಮೊನ್ನೆ ರಾತ್ರಿ ಜೋರು ಮಳೆ ಬಂತಲ್ಲ, ಮಾರನೇ ದಿನ ಮತ್ತೆ ಫೋನು. ಹೊಸದಾಗಿ ಕಟ್ಟಿದ ಚರಂಡಿ ಅರ್ಧ ಕಟ್ಟಿಕೊಂಡಿತ್ತಂತೆ. ಮುಚ್ಚಳ ಎತ್ತಿ ನೋಡಿದರೆ ಒಂದು ಬುಟ್ಟಿ ಹೊಂಗೆ ಎಲೆ. "ಯಾರು ತೆಗೆದದ್ದು?" ಅಂದೆ. "ನಾನೇ ಸರ್, ಇನ್ಯಾರಿದ್ದಾರೆ" ಅಂದ. ಮಾರ್ಕರ್ ಪೋಸ್ಟ್ ಕೇಳಿ ರಿಜಿಸ್ಟ್ರಾರಿಗೆ ಒಂದು ಪತ್ರ ಬರೆದಿದ್ದಾನೆ. ಕಳಿಸುವ ಮುಂಚೆ ಒಂದ್ಸಲ ಓದಿ ಅಂತ ನನಗೆ ವಾಟ್ಸಾಪ್ ಮಾಡಿದ. ಪತ್ರ ಚೆನ್ನಾಗಿತ್ತು. "ಒಬ್ಬರು ಮಾರ್ಕರ್" ಅಂತ ಇದ್ದ ಕಡೆ "ಇಬ್ಬರು" ಅಂತ ತಿದ್ದಿ ವಾಪಸ್ ಕಳಿಸಿದೆ.

ನಮಸ್ಕಾರ.