ಗಡಿಯಾರದ ಮೇಲಿನ ಬಂಗಾರ

ಎಲ್ಲರಿಗೂ ನಮಸ್ಕಾರ. ಪರದೆಯ ಮೇಲಿನ ಚಿತ್ರ ನೋಡಿ. 1810ರ ಆಸುಪಾಸಿನ ಪ್ಯಾರಿಸ್. ಚಳಿ ಕಾಯಿಸಿಕೊಳ್ಳುವ ಬೆಂಕಿಗೂಡು, ಅದರ ಮೇಲೆ ಅಮೃತಶಿಲೆಯ ಹಲಗೆ. ನಡುವೆ ಗಡಿಯಾರ, ಎಡಬಲಕ್ಕೆ ಒಂದೇ ಅಚ್ಚಿನ ಎರಡು ಕ್ಯಾಂಡೆಲಾಬ್ರಾ, ಅಂದರೆ ಕವಲೊಡೆದ ಮೇಣದಬತ್ತಿ ಕಂಬಗಳು. ಈ ಮೂರೂ ಸೇರಿದ ಸೆಟ್ಟಿಗೆ ಫ್ರೆಂಚರು 'ಗಾರ್ನಿತ್ಯೂರ್' ಅನ್ನುತ್ತಾರೆ.

ಹಿಂದೆ ದೊಡ್ಡ ಕನ್ನಡಿ ಇದೆ, ಗಮನಿಸಿದಿರಾ? ಅದು ಸುಮ್ನೆ ಇಟ್ಟಿದ್ದಲ್ಲ. ಕರೆಂಟ್ ಇಲ್ಲದ ಕಾಲ. ಬತ್ತಿ ಹಚ್ಚಿದರೆ ಬೆಳಕು ಬಂಗಾರದ ಮೇಲೂ ಬೀಳುತ್ತದೆ, ಕನ್ನಡಿಯಲ್ಲೂ ಕಾಣುತ್ತದೆ. ಇಡೀ ಕೋಣೆ ಬೆಳಗುತ್ತದೆ.

ಆ ಬಂಗಾರದ ಬಗ್ಗೆಯೇ ನಾನು ಜಾಸ್ತಿ ಹೇಳಬೇಕು.

ಒಳಗಿರುವುದು ಕಂಚು. ಬಂಗಾರವನ್ನು ಬಿಸಿ ಪಾದರಸದಲ್ಲಿ ಕರಗಿಸಿದರೆ ಬೆಣ್ಣೆಯಂಥ ಮುದ್ದೆ ಆಗುತ್ತದೆ. ಅದನ್ನು ಕಂಚಿಗೆ ಬಳಿದು ಇದ್ದಿಲ ಕೆಂಡದ ಮೇಲೆ ಕಾಯಿಸುತ್ತಿದ್ದರು. ಪಾದರಸ ಹಬೆಯಾಗಿ ಹೋಗುತ್ತಿತ್ತು, ಬಂಗಾರ ಕಚ್ಚಿಕೊಂಡು ಉಳಿಯುತ್ತಿತ್ತು. ಹೊಳೆಯಬೇಕಾದ ಕಡೆ ನುಣುಪು ಕಲ್ಲಿನಿಂದ ಉಜ್ಜುತ್ತಿದ್ದರು. ಉಳಿದ ಕಡೆ ಮಂಕಾಗಿಯೇ ಬಿಡುತ್ತಿದ್ದರು. ಗಡಿಯಾರದ ಮೇಲಿನ ಬೊಂಬೆಯ ಮುಖ ಮಂಕು, ಸೆರಗಿನ ಅಂಚು ಹೊಳಪು. ಬೊಂಬೆಗೆ ಜೀವ ಬರುವುದು ಅಲ್ಲಿಯೇ.

ಆದರೆ ಆ ಹಬೆ ಎಲ್ಲಿಗೆ ಹೋಯಿತು? ಕೆಲಸಗಾರನ ಎದೆಯೊಳಕ್ಕೆ. ಕೈ ನಡುಗುತ್ತಿತ್ತು, ಹಲ್ಲು ಉದುರುತ್ತಿತ್ತು, ಆಯಸ್ಸು ಸವೆಯುತ್ತಿತ್ತು. ಈ ಮಾತು ಬಿಟ್ಟು ಈ ಗಡಿಯಾರಗಳನ್ನು ಹೊಗಳಲು ನನಗೆ ಮನಸ್ಸಾಗುವುದಿಲ್ಲ.

ಆಂತ್ವಾನ್ ಆಂದ್ರೆ ರಾವ್ರಿಯೋ ಎಂಬ ಕಂಚಿನ ಕುಶಲಕರ್ಮಿ ಇದ್ದ. ನೆಪೋಲಿಯನ್ನನ ಅರಮನೆಗಳಿಗೆ ಸಾಮಾನು ಕೊಟ್ಟವನು. ತನ್ನ ವೃತ್ತಿಯವರ ಗತಿ ಅವನಿಗೆ ಚೆನ್ನಾಗಿ ಗೊತ್ತಿತ್ತು. 1814ರಲ್ಲಿ ತೀರಿಕೊಂಡ. ಉಯಿಲಿನಲ್ಲಿ 3,000 ಫ್ರಾಂಕ್ ತೆಗೆದಿಟ್ಟಿದ್ದ: ಪಾದರಸದ ವಿಷದಿಂದ ಇವರನ್ನು ಕಾಪಾಡುವ ದಾರಿ ಹುಡುಕಿದವರಿಗೆ ಈ ಬಹುಮಾನ ಸಲ್ಲಬೇಕು ಅಂತ. ಜೀವಮಾನವಿಡೀ ಬಂಗಾರದ ಸಾಮಾನು ಮಾರಿದವನು ಕೊನೆಗೆ ನೆನೆದದ್ದು ಬಂಗಾರ ಬಳಿಯುವ ಕೈಗಳನ್ನು. ನನಗಂತೂ ಅವನು ಮಾಡಿದ ಎಲ್ಲ ಗಡಿಯಾರಕ್ಕಿಂತ ಆ ಉಯಿಲೇ ದೊಡ್ಡದು.

ಬಹುಮಾನ 1818ರಲ್ಲಿ ರಸಾಯನ ವಿಜ್ಞಾನಿ ದಾರ್ಸೆಗೆ ಸಂದಿತು. ಅವನ ಉಪಾಯ ಸರಳ. ಚಿಮಣಿಯೊಳಗೆ ಬೇರೆ ಒಂದು ಬೆಂಕಿ ಉರಿಸಿದರೆ ಬಿಸಿ ಗಾಳಿ ಮೇಲೇರುತ್ತದೆ, ಜೊತೆಗೆ ಒಲೆಯ ವಿಷದ ಹಬೆಯನ್ನೂ ಎಳೆದುಕೊಂಡು ಹೋಗುತ್ತದೆ. ನಮ್ಮ ಅಡುಗೆಮನೆಯ ಹೊಗೆಗೂಡಿನ ಬುದ್ಧಿಯೇ ಅಲ್ವಾ? 1840ರ ದಶಕದಲ್ಲಿ ವಿದ್ಯುತ್ ಹರಿಸಿ ಬಂಗಾರ ಲೇಪಿಸುವ ವಿಧಾನ ಬಂತು, ಪಾದರಸದ ಕೆಲಸ ಮೆಲ್ಲಗೆ ಹಿಂದೆ ಸರಿಯಿತು. ಆಮೇಲೆ ಅಗ್ಗದ ಸತುವಿನ ಸೆಟ್ಟುಗಳೂ ಬಂದವು.

ಗಡಿಯಾರದ ಹಿಂಬದಿಯನ್ನೂ ತೆಗೆದು ನೋಡಿ. ಲೋಲಕ ರೇಷ್ಮೆ ದಾರದಿಂದ ನೇತಾಡುತ್ತಿದ್ದರೆ ಅದು ಹೆಚ್ಚಾಗಿ ಹಳೆಯ ಕಾಲದ್ದು. ಮುಂದೆ ಆ ಜಾಗಕ್ಕೆ ಉಕ್ಕಿನ ತೆಳು ಪಟ್ಟಿ ಬಂತು.

ಇನ್ನೊಂದು ಕೋರಿಕೆ. ಇಂಥದ್ದು ನಿಮ್ಮ ಕೈಗೆ ಸಿಕ್ಕರೆ ಹಿತ್ತಾಳೆ ಚೊಂಬಿನ ಹಾಗೆ ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಬಂಗಾರದ ಪದರ ತುಂಬ ತೆಳು, ಒಮ್ಮೆ ಹೋದರೆ ಹೋಯಿತು. ಮೆತ್ತನೆ ಬ್ರಷ್‌ನಿಂದ ಧೂಳು ತೆಗೆದು, ಮಿಕ್ಕಿದ್ದನ್ನು ಕೆಲಸ ಬಲ್ಲವರಿಗೆ ಬಿಡಿ.